ಹೊರದೇಶದ ಓದಿನ ನಡುವೆ ಆಸ್ಪತ್ರೆಯ ಉಪಕರಣ ದುರಸ್ತಿ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಎಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೋಗುವ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆ ಬಂತೆಂದರೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ: ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಕೆಲಸ. ಮೂರನೆಯ ದಾರಿಯೂ ಇದೆ. ಆಫ್ರಿಕ, ಏಷ್ಯಾ ಅಥವಾ ಮಧ್ಯ ಅಮೆರಿಕದ ಸಣ್ಣ ಆಸ್ಪತ್ರೆಯೊಂದರಲ್ಲಿ ಒಂದೆರಡು ತಿಂಗಳಿದ್ದು, ಮೂಲೆಗೆ ಬಿದ್ದಿರುವ ವೈದ್ಯಕೀಯ ಉಪಕರಣಗಳನ್ನು ಸ್ಥಳೀಯ ತಂತ್ರಜ್ಞರ ಜೊತೆ ಸೇರಿ ರಿಪೇರಿ ಮಾಡುವುದು. ಅಮೆರಿಕದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ ನಾನು ಈ ದಾರಿ ಹಿಡಿದು ಉತ್ತರ ತಾಂಜಾನಿಯಾಕ್ಕೆ ಹೋಗಿದ್ದೆ. ಶಿರಸಿ, ಕಾರವಾರ, ಕುಮಟಾ ಕಡೆಯಿಂದ ಹೊರಡುವವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ವಿದ್ಯಾರ್ಥಿಯೊಬ್ಬನಿಂದ ಆಸ್ಪತ್ರೆಯ ಯಂತ್ರ ಸರಿಯಾಗುವುದುಂಟೇ ಎಂಬ ಅನುಮಾನ ಸಹಜವಾದದ್ದು. ಇದಕ್ಕೆ ಉತ್ತರವಾಗಿ ಎರಡು ಅಧ್ಯಯನಗಳಿವೆ. 2011ರಲ್ಲಿ ಪೆರಿ ಮತ್ತು ಮಲ್ಕಿನ್ ಎಂಬ ಸಂಶೋಧಕರು ಪ್ರಕಟಿಸಿದ ಲೆಕ್ಕದ ಪ್ರಕಾರ, 16 ದೇಶಗಳ 1,12,040 ಉಪಕರಣಗಳಲ್ಲಿ ಸುಮಾರು ಶೇ. 38 ಕೆಲಸ ಮಾಡದೆ ನಿಂತಿದ್ದವು. ಅದಕ್ಕೂ ಮುಂಚೆ, 2010ರಲ್ಲಿ, ಮಲ್ಕಿನ್ ಮತ್ತು ಕೀನ್ 11 ದೇಶಗಳ 60 ಬಡ ಆಸ್ಪತ್ರೆಗಳಿಂದ ಬಂದ ರಿಪೇರಿ ಕೋರಿಕೆಗಳನ್ನು ಪರಿಶೀಲಿಸಿದ್ದರು. ಕೆಟ್ಟು ನಿಂತಿದ್ದ ಉಪಕರಣಗಳ ಪೈಕಿ ಶೇ. 72ರಷ್ಟನ್ನು ಹೊರದೇಶದಿಂದ ಬಿಡಿಭಾಗ ತರಿಸದೆಯೇ ಮತ್ತೆ ಬಳಕೆಗೆ ತರಲಾಗಿತ್ತು, ಶೇ. 66ರಷ್ಟಕ್ಕೆ ಬೇಕಾದದ್ದು ವಿದ್ಯುತ್, ಯಾಂತ್ರಿಕ ಜೋಡಣೆ, ಪವರ್ ಸಪ್ಲೈ, ಕೊಳವೆ, ಮೋಟಾರು ಮತ್ತು ಬಳಕೆದಾರರ ತರಬೇತಿ ಎಂಬ ಆರು ವಿಭಾಗಗಳಿಗೆ ಸೇರಿದ 107 ಸರಳ ಕೌಶಲಗಳು ಮಾತ್ರ. ಅಂದರೆ ಹೆಚ್ಚಿನ ಯಂತ್ರಗಳು ನಿಂತಿರುವುದು ತಿಳಿಯಲಾಗದ ದೋಷದಿಂದಲ್ಲ, ತುಂಡಾದ ತಂತಿ, ಕಟ್ಟಿಕೊಂಡ ಫಿಲ್ಟರ್, ಸವೆದ ವಾಷರ್‌ಗಳಿಂದ. ಹೀಗಾಗಿ ಚೆನ್ನಾಗಿ ತಯಾರಾದ ವಿದ್ಯಾರ್ಥಿಗೆ ಅಲ್ಲಿ ನಿಜವಾದ ಕೆಲಸವಿದೆ. ರಿಪೇರಿಯಾದ ಯಂತ್ರ ನೀವು ಅಲ್ಲಿಂದ ಹೊರಟ ಮೇಲೂ ನಡೆಯಬೇಕಾದರೆ ಅಲ್ಲಿಯ ತಂತ್ರಜ್ಞರೂ ನರ್ಸ್‌ಗಳೂ ಆ ಕೆಲಸದ ಯಜಮಾನರಾಗಿರಬೇಕು. ಮುಂದಿನ ಹಂತಗಳನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹಂತ 1: ಕಾರ್ಯಕ್ರಮವನ್ನು ಆರಿಸುವುದು

ಒಬ್ಬರೇ ಹೋಗಿ ಆಸ್ಪತ್ರೆಯ ಬಾಗಿಲು ತಟ್ಟುವ ಯೋಚನೆ ಬೇಡ. 2001ರಲ್ಲಿ ಆರಂಭವಾದ ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್ ಎಂಬ ಸಂಸ್ಥೆ ಇಂಥ ಬೇಸಿಗೆ ಶಿಬಿರಗಳಿಗೆ ಹೆಸರಾದದ್ದು. ಮೊದಲ ತಿಂಗಳು ಸ್ಥಳೀಯ ಭಾಷೆ ಮತ್ತು ರಿಪೇರಿಯ ಪಾಠ, ಎರಡನೆಯ ತಿಂಗಳು ಆಸ್ಪತ್ರೆಯಲ್ಲಿ ಕೆಲಸ ಎಂಬುದು ಅದರ ಕ್ರಮ. ಈ ಮಾದರಿಯನ್ನು ಅನುಸರಿಸುವ ಕಾರ್ಯಕ್ರಮಗಳು ಕೆಲವು ವಿಶ್ವವಿದ್ಯಾಲಯಗಳಲ್ಲೂ ಇವೆ. ನಿಮ್ಮ ವಿಭಾಗದ ಕಚೇರಿಯಲ್ಲಿ ಸೆಮಿಸ್ಟರ್ ಶುರುವಾದ ಕೂಡಲೇ ವಿಚಾರಿಸಿ.

ಅರ್ಜಿ ಹಾಕುವ ಮೊದಲು ಸಂಘಟಕರಿಗೆ ಪತ್ರ ಬರೆದು ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಆ ಆಸ್ಪತ್ರೆಯಲ್ಲಿ ಕಾಯಂ ತಂತ್ರಜ್ಞರಿದ್ದಾರೆಯೇ? ನಮ್ಮ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ? ಬಿಡಿಭಾಗಗಳ ಖರ್ಚು ಯಾರದು? ಸ್ವಯಂಸೇವಕರಿಗೆ ಆ ದೇಶ ಯಾವ ಬಗೆಯ ವೀಸಾ ಅಥವಾ ಪರವಾನಗಿ ಕೊಡುತ್ತದೆ? ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಮಾಡಿ ಎಂದು ಯಾರಾದರೂ ಹೇಳಿದರೆ ಆ ಕಾರ್ಯಕ್ರಮವನ್ನು ಅಲ್ಲಿಗೇ ಬಿಡುವುದು ಕ್ಷೇಮ. ಹಣ ಕಟ್ಟಿಸಿಕೊಂಡು ತರಬೇತಿಯಿಲ್ಲದ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಪಕ್ಕ ನಿಲ್ಲಿಸುವ ಕಾರ್ಯಕ್ರಮಗಳಿಂದಲೂ ದೂರವಿರಿ. ನಮ್ಮ ಕೆಲಸ ಯಂತ್ರದ್ದು. ರೋಗಿಯನ್ನು ಮುಟ್ಟುವ ಅಧಿಕಾರ ನಮಗಿಲ್ಲ.

ಹಂತ 2: ಲಸಿಕೆ ಮತ್ತು ಕಾಗದಪತ್ರ, ಆರು ತಿಂಗಳ ಮೊದಲೇ

ಆಸ್ಪತ್ರೆಯ ಉಪಕರಣಕ್ಕೆ ರಕ್ತ, ಕಫ ಅಂಟಿರುವ ಸಾಧ್ಯತೆ ಯಾವಾಗಲೂ ಇರುವುದರಿಂದ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ ಎಂದೇ ತಿಳಿಯಬೇಕು. ಇದರ ಸಾಮಾನ್ಯ ಕ್ರಮದಲ್ಲಿ ಮೂರು ಡೋಸುಗಳಿವೆ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಆರು ತಿಂಗಳ ಮೊದಲೇ ಆರಂಭಿಸಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಟೆಟನಸ್ ಲಸಿಕೆಯ ಅವಧಿ ಮುಗಿದಿದ್ದರೆ ಅದನ್ನೂ ಹಾಕಿಸಿಕೊಳ್ಳಿ. ಮಲೇರಿಯಾ ಇರುವ ಪ್ರದೇಶವಾದರೆ ಯಾವ ಮಾತ್ರೆ, ಯಾವಾಗಿನಿಂದ ಯಾವಾಗಿನವರೆಗೆ ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ಊರಿಗೆ ಮರಳಿದ ಮೇಲೂ ಕೆಲವು ದಿನ ನುಂಗಬೇಕಾದ ಮಾತ್ರೆಯನ್ನು ಜ್ವರವಿಲ್ಲವೆಂದು ನಡುವೆ ನಿಲ್ಲಿಸಬಾರದು.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ನಮ್ಮವರಿಗೆ ಹೆಚ್ಚಿನ ಎಚ್ಚರ ಬೇಕು. ಕೆನ್ಯಾ, ಉಗಾಂಡಾ, ಇಥಿಯೋಪಿಯಾದಂಥ ದೇಶಗಳಿಂದ ಬರುವವರ ಬಳಿ ಈ ಲಸಿಕೆಯ ಪ್ರಮಾಣಪತ್ರ ಇರಬೇಕೆಂದು ಭಾರತ ಸರ್ಕಾರ ಕೇಳುತ್ತದೆ, ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತಾಂಜಾನಿಯಾಕ್ಕೆ ಹೋಗುವ ಅನೇಕ ವಿಮಾನಗಳು ನೈರೋಬಿ ಅಥವಾ ಆಡಿಸ್ ಅಬಾಬಾದ ಮೂಲಕ ಸಾಗುವುದರಿಂದ, ನಿಮ್ಮ ಟಿಕೆಟಿನಲ್ಲಿ ಆ ನಿಲ್ದಾಣಗಳಿವೆಯೇ ಎಂದು ನೋಡಿಕೊಳ್ಳಿ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರ ಜುಲೈಯಿಂದ ಅದು ಜೀವಮಾನವಿಡೀ ಮಾನ್ಯ. ಆ ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು.

ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುತ್ತಿರುವವರು ಹೊರಡುವ ಮೊದಲು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಹಾಕಿಸಿಕೊಳ್ಳಬೇಕು. ಮರಳುವ ದಿನಾಂಕಕ್ಕೆ ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಉಳಿದಿರಬೇಕು. ಯುರೋಪಿನಲ್ಲಿ ಓದುವವರು ತಮ್ಮ ವಾಸ ಪರವಾನಗಿಯ ಅವಧಿಯನ್ನು ಹೀಗೆಯೇ ನೋಡಿಕೊಳ್ಳಬೇಕು. ಪ್ರಯಾಣ ವಿಮೆ ಮಾಡಿಸುವಾಗ ತುರ್ತು ಸ್ಥಳಾಂತರದ ಖರ್ಚು ಅದರಲ್ಲಿ ಸೇರಿದೆಯೇ ಎಂಬ ಒಂದು ಸಾಲನ್ನು ಹುಡುಕಿ ಓದಿ.

ಹಂತ 3: ಕೈ ಪಳಗಿಸುವುದು, ಅದೂ ಊರಲ್ಲೇ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಎಲ್ಲವೂ ಹೊಸದಾಗಿರುತ್ತದೆ, ಕೆಟ್ಟದ್ದನ್ನು ಬದಲಾಯಿಸುತ್ತಾರೆಯೇ ಹೊರತು ಬಿಚ್ಚಿ ನೋಡುವುದಿಲ್ಲ. ರಿಪೇರಿ ಕಲಿಯಲು ಶಿರಸಿಯ ಮೋಟಾರು ವೈಂಡಿಂಗ್ ಅಂಗಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ರಜೆಗೆ ಊರಿಗೆ ಬಂದಾಗ ಎರಡು ವಾರ ಅಂಥ ಅಂಗಡಿಯಲ್ಲಿ ಕುಳಿತುಕೊಳ್ಳಿ. ಪಂಪ್‌ಸೆಟ್ಟಿನ ಬೇರಿಂಗ್ ಬದಲಿಸುವುದು, ಸ್ಟಾರ್ಟರಿನ ಸುಟ್ಟ ಕಾಂಟ್ಯಾಕ್ಟ್ ಗುರುತಿಸುವುದು, ಕೆಪಾಸಿಟರ್ ಕೆಟ್ಟಿದೆಯೇ ಎಂದು ಪರೀಕ್ಷಿಸುವುದು ಇಲ್ಲಿ ದಿನನಿತ್ಯದ ಕೆಲಸ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪನ್ನು ನಮ್ಮ ತೋಟಗಳಲ್ಲಿ ಬಿಚ್ಚಿ, ವಾಲ್ವ್ ತೊಳೆದು, ವಾಷರ್ ಬದಲಿಸಿ ಮತ್ತೆ ಜೋಡಿಸುತ್ತಾರಲ್ಲ, ರೋಗಿಯ ಕಫ, ರಕ್ತವನ್ನು ಕೊಳವೆಯಿಂದ ಎಳೆದು ತೆಗೆಯುವ ಆಸ್ಪತ್ರೆಯ ಸಕ್ಷನ್ ಯಂತ್ರದ ರಿಪೇರಿಯೂ ಬಹುಪಾಲು ಅದೇ ಕೆಲಸ: ಒತ್ತಡ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಮನೆಯಲ್ಲಿ ಅಂಥ ಪಂಪ್ ಇದ್ದವರು ಈ ವರ್ಷ ಅದನ್ನು ತಾವೇ ಬಿಚ್ಚಿ ಜೋಡಿಸಲಿ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರಿಗೆ ಮತ್ತೊಂದು ಪಾಠ ಸಿಗುತ್ತದೆ. ಉಪ್ಪುಗಾಳಿಗೆ ತಾಮ್ರದ ಜೋಡಣೆಗಳು ಹಸಿರುಗಟ್ಟುವುದು, ಸರ್ಕ್ಯೂಟ್ ಬೋರ್ಡಿನ ಮೇಲೆ ತೇವ ಕುಳಿತು ಕರೆಂಟ್ ಅಡ್ಡದಾರಿ ಹಿಡಿಯುವುದು, ಮಳೆಗಾಲದಲ್ಲಿ ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಜು ಹತ್ತುವುದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಕಾಂಟ್ಯಾಕ್ಟ್ ಕ್ಲೀನರ್ ಬಳಸಿ ಬೋರ್ಡ್ ಶುಚಿ ಮಾಡುವುದನ್ನು ಟಿವಿ, ಇನ್ವರ್ಟರ್ ರಿಪೇರಿಯ ಅಂಗಡಿಗಳಲ್ಲಿ ನೋಡಿ ಕಲಿಯಬಹುದು.

ಹೊರಡುವ ಹೊತ್ತಿಗೆ ನಿಮಗೆ ಬರಬೇಕಾದದ್ದಿಷ್ಟು. ಮಲ್ಟಿಮೀಟರಿನಿಂದ ವೋಲ್ಟೇಜ್, ರೋಧ, ತಂತಿಯ ನಿರಂತರತೆ ಅಳೆಯಬೇಕು. ಸುಟ್ಟ ಫ್ಯೂಸನ್ನು ಅದೇ ಆಂಪಿಯರಿನ, ಅದೇ ಬಗೆಯ ಫ್ಯೂಸಿನಿಂದ ಬದಲಿಸಬೇಕು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಬೇಕು. ಗಟ್ಟಿಯಾದ ಸೋಲ್ಡರ್ ಜೋಡಣೆ ಮಾಡಲು, ಹಳೆಯ ಸೋಲ್ಡರ್ ತೆಗೆಯಲು ಬರಬೇಕು. ಬ್ಯಾಟರಿಯನ್ನು ಲೋಡ್ ಹಾಕಿ ಪರೀಕ್ಷಿಸಲು, ಇಷ್ಟು ವ್ಯಾಟಿನ ಯಂತ್ರಕ್ಕೆ ಎಷ್ಟು ದೊಡ್ಡ ಸ್ಟೆಬಿಲೈಸರ್ ಬೇಕೆಂದು ಲೆಕ್ಕ ಹಾಕಲು ಬರಬೇಕು.

ಹಂತ 4: ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಒಳ್ಳೆಯ ಮಲ್ಟಿಮೀಟರ್ ಒಂದು, ಸ್ಕ್ರೂಡ್ರೈವರ್‌ಗಳ ಪೂರ್ಣ ಸೆಟ್, ಅಲೆನ್ ಕೀ ಮತ್ತು ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್‌ಗಳು, ಸಣ್ಣ ಕಟ್ಟರ್, ಇಕ್ಕಳ, ಸೋಲ್ಡರಿಂಗ್ ಐರನ್, ಬೇರೆ ಬೇರೆ ಅಳತೆಯ ಗಾಜಿನ ಫ್ಯೂಸುಗಳು, ಬಿಸಿ ತಾಕಿಸಿದರೆ ಕುಗ್ಗಿ ತಂತಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ತಲೆಗೆ ಕಟ್ಟುವ ಟಾರ್ಚ್. ಟಾರ್ಕ್ಸ್ ಬಿಟ್ ಮರೆತರೆ ಅನೇಕ ಯಂತ್ರಗಳ ಮುಚ್ಚಳವೇ ತೆಗೆಯಲಾಗುವುದಿಲ್ಲ. ಉಪಕರಣಗಳೆಲ್ಲ ಚೆಕ್-ಇನ್ ಸಾಮಾನಿನಲ್ಲಿರಲಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಮಾತ್ರ ಕೈಚೀಲದಲ್ಲೇ ಇರಬೇಕೆಂಬುದು ವಿಮಾನಯಾನದ ನಿಯಮ. ಮುಖ್ಯ ಯಂತ್ರಗಳ ಸರ್ವಿಸ್ ಕೈಪಿಡಿಗಳನ್ನು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ಹೋಗಿ, ಏಕೆಂದರೆ ಬೇಕಾದ ಹೊತ್ತಿಗೆ ಅಲ್ಲಿ ಇಂಟರ್ನೆಟ್ ಇರುತ್ತದೆಂಬ ಭರವಸೆಯಿಲ್ಲ. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಅಲ್ಲಿಯ ತಂತ್ರಜ್ಞರಿಗೇ ಬಿಟ್ಟುಬರುವ ಮನಸ್ಸಿದ್ದರೆ ಕೊಳ್ಳುವಾಗಲೇ ಗಟ್ಟಿಯಾದದ್ದನ್ನು ಕೊಳ್ಳಿ.

ಹಂತ 5: ಮೊದಲ ವಾರ ನೋಡುವುದು, ಕೇಳುವುದು, ಬರೆಯುವುದು

ಆಸ್ಪತ್ರೆಗೆ ಕಾಲಿಟ್ಟ ದಿನವೇ ಸ್ಕ್ರೂಡ್ರೈವರ್ ಹಿಡಿಯಬಾರದು. ಮೊದಲು ನರ್ಸ್‌ಗಳ ಮುಖ್ಯಸ್ಥರಾದ ಮೇಟ್ರನ್, ಹೆರಿಗೆ ವಾರ್ಡಿನ ಹಿರಿಯ ನರ್ಸ್, ಪ್ರಯೋಗಾಲಯದವರು, ಕೊನೆಗೆ ಕಾವಲುಗಾರರನ್ನೂ ಕಂಡು ನಮಸ್ಕರಿಸಿ ಪರಿಚಯ ಹೇಳಿಕೊಳ್ಳಿ. ತಾಂಜಾನಿಯಾದಲ್ಲಿ ಹಿರಿಯರಿಗೆ 'ಶಿಕಮೂ' ಎಂದು ವಂದಿಸದೆ ಮಾತು ಆರಂಭಿಸುವುದು ಒರಟುತನ. ಸ್ವಾಹಿಲಿಯಲ್ಲಿ ಹೊತ್ತನ್ನು ಬೆಳಗಿನ ಆರು ಗಂಟೆಯಿಂದ ಎಣಿಸುತ್ತಾರೆ ಎಂಬುದನ್ನೂ ನೆನಪಿಡಬೇಕು: ಅವರ 'ಸಾ ಮೋಜಾ', ಅಂದರೆ ಒಂದನೆಯ ಗಂಟೆ, ನಮ್ಮ ಗಡಿಯಾರದಲ್ಲಿ ಬೆಳಗಿನ ಏಳು. ಕೆಲಸದ ಹೊತ್ತನ್ನೂ ಬಸ್ಸಿನ ಹೊತ್ತನ್ನೂ ಎರಡು ಸಲ ಕೇಳಿ ಖಚಿತಪಡಿಸಿಕೊಳ್ಳಿ.

ಆಮೇಲೆ ಆಸ್ಪತ್ರೆಯ ತಂತ್ರಜ್ಞರ ಜೊತೆ ಎಲ್ಲ ವಾರ್ಡುಗಳಿಗೂ ಹೋಗಿ ಒಂದು ಪಟ್ಟಿ ಮಾಡಬೇಕು. ಯಂತ್ರದ ಹೆಸರು, ತಯಾರಕರು, ಮಾದರಿ, ಕ್ರಮಸಂಖ್ಯೆ, ಎಷ್ಟು ವೋಲ್ಟಿನದು, ಯಾವಾಗಿನಿಂದ ನಿಂತಿದೆ, ನಿಲ್ಲುವಾಗ ಏನಾಯಿತು. ಕೊನೆಯ ಪ್ರಶ್ನೆಗೆ ಉತ್ತರ ನರ್ಸ್‌ಗಳ ಬಳಿ ಇರುತ್ತದೆ. 'ಮೊದಲು ಸದ್ದು ಬರುತ್ತಿತ್ತು, ಆಮೇಲೆ ಬಿಸಿಯಾಗುತ್ತಿತ್ತು, ಒಂದು ದಿನ ಕರೆಂಟ್ ಹೋಗಿ ಬಂದಾಗ ನಿಂತುಹೋಯಿತು' ಎಂಬ ಒಂದು ಮಾತು ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ. ಯಾವ ಯಂತ್ರ ಸರಿಯಾದರೆ ನಿಮಗೆ ಅತಿ ಹೆಚ್ಚು ಅನುಕೂಲ ಎಂದು ಅವರನ್ನೇ ಕೇಳಿ, ಆ ಕ್ರಮದಲ್ಲೇ ಕೆಲಸ ಹಿಡಿಯಿರಿ. ನಮ್ಮ ಕಣ್ಣಿಗೆ ಸ್ವಾರಸ್ಯವೆನಿಸುವ ಯಂತ್ರ ಬೇರೆ, ರಾತ್ರಿ ಪಾಳಿಯ ನರ್ಸಿಗೆ ತುರ್ತಾಗಿ ಬೇಕಾದ ಯಂತ್ರ ಬೇರೆ.

ಹಂತ 6: ಮುಟ್ಟಬಾರದ ಯಂತ್ರಗಳನ್ನು ಗುರುತಿಸುವುದು

ಪಟ್ಟಿ ಸಿದ್ಧವಾದ ಮೇಲೆ ಕೆಲವು ಹೆಸರುಗಳ ಮುಂದೆ ಕೆಂಪು ಗುರುತು ಹಾಕಿ. ಎಕ್ಸ್‌ರೇ ಯಂತ್ರದೊಳಗೆ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಜೊತೆಗೆ ವಿಕಿರಣದ ಅಪಾಯ. ಹೃದಯಕ್ಕೆ ಆಘಾತ ಕೊಡುವ ಡಿಫಿಬ್ರಿಲೇಟರಿನ ಕೆಪಾಸಿಟರ್ 360 ಜೂಲ್‌ವರೆಗೆ ಶಕ್ತಿ ಹಿಡಿದಿಡಬಲ್ಲದು, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ವೆಂಟಿಲೇಟರ್, ಅರಿವಳಿಕೆ ಯಂತ್ರ, ಡಯಾಲಿಸಿಸ್ ಯಂತ್ರಗಳಲ್ಲಿ ರಿಪೇರಿಯ ಸಣ್ಣ ಲೋಪವೂ ನೇರವಾಗಿ ರೋಗಿಯ ಉಸಿರಿಗೆ, ರಕ್ತಕ್ಕೆ ತಟ್ಟುತ್ತದೆ. ಇವುಗಳ ತರಬೇತಿ ಪಡೆದ ಎಂಜಿನಿಯರ್ ಪಕ್ಕದಲ್ಲಿ ನಿಂತು ಹೇಳಿಕೊಡದ ಹೊರತು ವಿದ್ಯಾರ್ಥಿ ಇವುಗಳ ಮುಚ್ಚಳ ತೆಗೆಯಬಾರದು. ಒತ್ತಾಯಿಸುವವರು ಇರುತ್ತಾರೆ, ಬೇರೆ ಯಾರೂ ಇಲ್ಲವೆಂಬ ಅವರ ಕಷ್ಟವೂ ನಿಜವೇ. ಆದರೂ ವಿನಯದಿಂದ ಇಲ್ಲ ಎನ್ನಬೇಕು. ಪಾದರಸ ಚೆಲ್ಲಿರುವ ಬಿಪಿ ಉಪಕರಣವನ್ನೂ ಬಿಚ್ಚಬೇಡಿ. ಅದರ ಆವಿ ವಿಷ.

ಹಂತ 7: ರಿಪೇರಿಯ ಕ್ರಮ

ಮೊದಲು ಪ್ಲಗ್ ಕಿತ್ತು, ಕೈಗವಸು ತೊಟ್ಟು, ಯಂತ್ರದ ಹೊರಮೈಯನ್ನು ಶೇ. 0.5ರ ಕ್ಲೋರಿನ್ ದ್ರಾವಣದಿಂದ ಒರೆಸಬೇಕು. ಕ್ಲೋರಿನ್ ಲೋಹವನ್ನು ತಿನ್ನುವುದರಿಂದ ಸ್ವಲ್ಪ ಹೊತ್ತಿನ ನಂತರ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು.

ನಂತರ ವಿದ್ಯುತ್ತನ್ನು ಗೋಡೆಯಿಂದ ಒಳಗಿನವರೆಗೆ ಹಿಂಬಾಲಿಸಿ: ಸಾಕೆಟ್, ಪ್ಲಗ್, ಕೇಬಲ್, ಯಂತ್ರದ ಫ್ಯೂಸ್, ಸ್ವಿಚ್, ಪವರ್ ಸಪ್ಲೈ. ತಾಂಜಾನಿಯಾದಲ್ಲಿ ನಮ್ಮಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್. ಆದರೆ ಅಲ್ಲಿ ಬಳಸುವ ಬ್ರಿಟಿಷ್ ಮಾದರಿಯ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರುತ್ತದೆ. ಭಾರತದಲ್ಲಿ ಬೆಳೆದವರಿಗೆ ಅದನ್ನು ನೋಡುವ ರೂಢಿಯಿಲ್ಲದ ಕಾರಣ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಅಮೆರಿಕದಿಂದ ದಾನವಾಗಿ ಬಂದ ಯಂತ್ರಗಳು 120 ವೋಲ್ಟ್, 60 ಹರ್ಟ್ಸಿನವು. ಅವನ್ನು ನೇರವಾಗಿ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತವೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಆವರ್ತನ ಮಾತ್ರ ಬದಲಾಗುವುದಿಲ್ಲ. 60 ಹರ್ಟ್ಸಿನ ಸಾಮಾನ್ಯ ಎಸಿ ಮೋಟಾರು 50 ಹರ್ಟ್ಸಿನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ. ಆದ್ದರಿಂದ ಇಂಥ ಯಂತ್ರದ ಮೇಲೆ ದಪ್ಪಕ್ಷರದ ಚೀಟಿ ಅಂಟಿಸಿ, ಟ್ರಾನ್ಸ್‌ಫಾರ್ಮರನ್ನು ಯಂತ್ರಕ್ಕೇ ಬಿಗಿಯಾಗಿ ಜೋಡಿಸಿಡಬೇಕು.

ಇನ್ನು ವಿದ್ಯಾರ್ಥಿಯ ಕೈಗೆ ಹೆಚ್ಚಾಗಿ ಬರುವ ಯಂತ್ರಗಳ ವಿಚಾರ. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೋಣೆಯ ಗಾಳಿಯನ್ನು ಎಳೆದು, ಒತ್ತಡದಲ್ಲಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಅದರಲ್ಲಿ ಹಿಡಿದಿಟ್ಟು ಆಮ್ಲಜನಕವನ್ನು ಹೊರಬಿಡುತ್ತದೆ. ಹೊರಬರುವ ಗಾಳಿಯಲ್ಲಿ ಕನಿಷ್ಠ ಶೇ. 82 ಆಮ್ಲಜನಕ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಹರಿವಿನ ಮಾಪಕದಲ್ಲಿ ಗುಂಡು ಮೇಲೇರಿದ ಮಾತ್ರಕ್ಕೆ ಯಂತ್ರ ಸರಿಯಿದೆ ಎಂದು ತಿಳಿಯಬಾರದು. ಅದು ಎಷ್ಟು ಗಾಳಿ ಬರುತ್ತಿದೆ ಎಂದು ಹೇಳುತ್ತದೆ, ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಆಕ್ಸಿಜನ್ ಅನಲೈಸರ್ ಬೇಕೇ ಬೇಕು. ಯಂತ್ರ ಬಿಸಿಯಾಗಿ ನಿಲ್ಲುತ್ತಿದ್ದರೆ ಮೊದಲು ಗಾಳಿ ಒಳಬರುವ ಸ್ಪಂಜಿನ ಫಿಲ್ಟರ್ ತೆಗೆದು ನೋಡಿ. ಅದನ್ನು ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದಡಿ ದೂರ ಸರಿಸಿ. ತೇವ ಜಿಯೋಲೈಟಿನ ಶತ್ರುವಾದ್ದರಿಂದ ನಮ್ಮ ಕರಾವಳಿಯಂಥ ಹವೆಯಲ್ಲಿ ಈ ಯಂತ್ರವನ್ನು ತಿಂಗಳುಗಟ್ಟಲೆ ಸುಮ್ಮನೆ ಮೂಲೆಯಲ್ಲಿಡುವುದು ಅದನ್ನು ಕೆಡಿಸುವ ದಾರಿ. ಆಮ್ಲಜನಕ ಹರಿಯುವ ಯಾವ ಜೋಡಣೆಗೂ ಎಣ್ಣೆ, ಗ್ರೀಸ್ ಹಚ್ಚಬಾರದು, ಬೆಂಕಿ ಹತ್ತುತ್ತದೆ.

ಸಕ್ಷನ್ ಯಂತ್ರ ಎಳೆಯುತ್ತಿಲ್ಲವೆಂದರೆ ದೋಷವನ್ನು ಎರಡು ಪಾಲು ಮಾಡಿ ಹುಡುಕಿ. ಕೊಳವೆಯ ತುದಿಯನ್ನು ಕೈಗವಸು ತೊಟ್ಟ ಹೆಬ್ಬೆರಳಿನಿಂದ ಮುಚ್ಚಿದಾಗ ಮಾಪಕದ ಮುಳ್ಳು ಏರಬೇಕು. ಏರದಿದ್ದರೆ ಜಾಡಿಯನ್ನು ಬಿಡಿಸಿ, ಪಂಪಿನ ಬಾಯನ್ನೇ ನೇರವಾಗಿ ಮುಚ್ಚಿ ನೋಡಿ. ಈಗ ಏರಿದರೆ ಸೋರಿಕೆ ಜಾಡಿಯ ಮುಚ್ಚಳದ ಗ್ಯಾಸ್ಕೆಟ್ಟಿನಲ್ಲೋ ಕೊಳವೆಯಲ್ಲೋ ಇದೆ. ಆಗಲೂ ಏರದಿದ್ದರೆ ಪಂಪಿನ ಡಯಾಫ್ರಾಂ (ಒಳಗಿನ ಪೊರೆ) ಅಥವಾ ವಾಲ್ವ್ ನೋಡಬೇಕು. ಜಾಡಿ ತುಂಬಿದಾಗ ದ್ರವ ಪಂಪಿಗೆ ನುಗ್ಗದಂತೆ ತಡೆಯುವ ತೇಲುಗುಂಡನ್ನು ಹಲವರು ಅಡ್ಡಿಯೆಂದು ತೆಗೆದಿಟ್ಟಿರುತ್ತಾರೆ. ಅದನ್ನು ಮರಳಿ ಹಾಕಿ, ಏಕೆ ಬೇಕೆಂದು ವಿವರಿಸಿ.

ಕಾಮಾಲೆಯಾದ ನವಜಾತ ಶಿಶುಗಳಿಗೆ ಬಳಸುವ ಫೋಟೋಥೆರಪಿ ದೀಪದಲ್ಲಿ ಕೆಲಸ ಮಾಡುವುದು 460ರಿಂದ 490 ನ್ಯಾನೋಮೀಟರಿನ ನೀಲಿ ಬೆಳಕು. ಟ್ಯೂಬ್ ಹಳತಾದಂತೆ ಕಣ್ಣಿಗೆ ನೀಲಿಯಾಗಿಯೇ ಕಂಡರೂ ಆ ಬೆಳಕಿನ ಬಲ ಕುಸಿದಿರುತ್ತದೆ. ಎಷ್ಟು ಗಂಟೆ ಉರಿದಿದೆ ಎಂಬ ಲೆಕ್ಕವನ್ನು ದೀಪದ ಮೇಲೆಯೇ ಬರೆದಿಡುವ ಪದ್ಧತಿ ಶುರುಮಾಡಿಸಿ, ಮಾಪಕ ಸಿಕ್ಕರೆ ಬೆಳಕಿನ ತೀವ್ರತೆಯನ್ನು ಅಳೆಯಿರಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಳಿ ಟ್ಯೂಬನ್ನು ಅದರ ಜಾಗಕ್ಕೆ ಹಾಕಿದರೆ ದೀಪ ಉರಿಯುತ್ತದೆ, ಮಗುವಿಗೆ ಸಿಗಬೇಕಾದ ಚಿಕಿತ್ಸೆ ಸಿಗುವುದಿಲ್ಲ. ನವಜಾತ ಶಿಶುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಹೀಟರ್, ಫ್ಯಾನ್, ತಾಪ ಸಂವೇದಕ ಈ ಮೂರನ್ನೂ, ತಾಪ ಮಿತಿಮೀರಿದಾಗ ಹೀಟರನ್ನು ನಿಲ್ಲಿಸುವ ಸುರಕ್ಷಾ ಸ್ವಿಚ್ಚನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಫ್ಯಾನ್ ನಿಂತು ಹೀಟರ್ ಮಾತ್ರ ಉರಿಯುವ ಇನ್‌ಕ್ಯುಬೇಟರ್ ಕೆಟ್ಟು ನಿಂತದ್ದಕ್ಕಿಂತ ಅಪಾಯಕಾರಿ.

ಚಿಕಿತ್ಸೆಯ ಸಲಕರಣೆಗಳನ್ನು ಒತ್ತಡದ ಹಬೆಯಿಂದ ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿನ ವಿಷಯದಲ್ಲಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಂಬಂಧಿಸಿದ ಒಂದು ವ್ಯತ್ಯಾಸವಿದೆ. ಕಾರವಾರದಂಥ ಸಮುದ್ರಮಟ್ಟದ ಊರಿನಲ್ಲಿ ಮಾಪಕ 15 ಪಿಎಸ್‌ಐ (ಒತ್ತಡದ ಒಂದು ಅಳತೆ) ತೋರಿಸಿದಾಗ ಹಬೆ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಎತ್ತರಕ್ಕೆ ಹೋದಂತೆ ಹೊರಗಿನ ವಾಯುಒತ್ತಡ ಕಡಿಮೆಯಾಗುವುದರಿಂದ, ಅದೇ ತಾಪಕ್ಕೆ ಪ್ರತಿ 300 ಮೀಟರಿಗೆ ಸುಮಾರು ಅರ್ಧ ಪಿಎಸ್‌ಐ ಹೆಚ್ಚು ಬೇಕು. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಈ ಅಂತರ ಒಂದು ಪಿಎಸ್‌ಐ. ಸುಮಾರು 1,400 ಮೀಟರ್ ಎತ್ತರದ, ಉತ್ತರ ತಾಂಜಾನಿಯಾದ ಅರುಷಾ ನಗರದಲ್ಲಿ ಎರಡಕ್ಕಿಂತ ಹೆಚ್ಚು. ಆದ್ದರಿಂದ ಒತ್ತಡದ ಮುಳ್ಳನ್ನಷ್ಟೇ ನಂಬದೆ ತಾಪವನ್ನೂ ನೋಡಬೇಕು. ಸೋರುವ ಗ್ಯಾಸ್ಕೆಟ್ ಬದಲಿಸುವುದು, ಕಾಯಿಲ್ ಮೇಲೆ ಕಟ್ಟಿದ ಸುಣ್ಣ ತೆಗೆಯುವುದು ವಿದ್ಯಾರ್ಥಿಯ ಕೆಲಸವಾಗಬಹುದು. ಸೇಫ್ಟಿ ವಾಲ್ವನ್ನು ಮುಚ್ಚುವುದಾಗಲಿ ತಿರುಚುವುದಾಗಲಿ ಯಾವ ಕಾರಣಕ್ಕೂ ಕೂಡದು.

ಬಿಪಿ ಉಪಕರಣವನ್ನು 200ಕ್ಕೆ ಏರಿಸಿ ವಾಲ್ವ್ ಮುಚ್ಚಿ ಒಂದು ನಿಮಿಷ ನೋಡಿದರೆ ಸೋರಿಕೆ ತಿಳಿಯುತ್ತದೆ. ಇಸಿಜಿಯಲ್ಲಿ ಗೆರೆ ನಡುಗುತ್ತಿದ್ದರೆ ಅರ್ತಿಂಗ್ ಮತ್ತು ಲೀಡ್ ತಂತಿಗಳನ್ನು ಮೊದಲು ನೋಡಿ.

ಹಂತ 8: ವಾರ್ಡಿಗೆ ಮರಳಿಸುವ ಮೊದಲು

ಯಂತ್ರ ಚಾಲೂ ಆದ ಕ್ಷಣದಲ್ಲಿ ಸಂತೋಷವಾಗುವುದು ಸಹಜ, ಆದರೆ ಕೆಲಸ ಅರ್ಧವಷ್ಟೇ ಆಗಿರುತ್ತದೆ. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಯಂತ್ರದ ಲೋಹದ ಮೈಗೆ ಇರುವ ರೋಧ 0.2 ಓಮ್ ಮೀರಬಾರದು. ಮಲ್ಟಿಮೀಟರಿನ ಸ್ವಂತ ತಂತಿಗಳ ರೋಧವನ್ನು ಕಳೆದು ಲೆಕ್ಕ ಹಾಕಬೇಕು. ರೋಗಿಯ ಮೈಗೆ ಸೋರಬಹುದಾದ ಕರೆಂಟಿಗೆ ಅಂತರರಾಷ್ಟ್ರೀಯ ಮಾನದಂಡ ವಿಧಿಸಿರುವ ಮಿತಿ ಸಾಮಾನ್ಯವಾಗಿ 100 ಮೈಕ್ರೋಆಂಪಿಯರ್, ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣಗಳಿಗೆ 10 ಮೈಕ್ರೋಆಂಪಿಯರ್. ಇದನ್ನು ಅಳೆಯುವ ಸೇಫ್ಟಿ ಅನಲೈಸರ್ ಆ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಪ್ರಾದೇಶಿಕ ಆಸ್ಪತ್ರೆಯಿಂದ ಎರವಲು ತರಿಸಲು ಸಂಘಟಕರನ್ನು ಕೇಳಿ. ಇನ್‌ಕ್ಯುಬೇಟರನ್ನು ಮಗುವಿಲ್ಲದೆ ಹಲವು ಗಂಟೆ ಓಡಿಸಿ, ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು ಪರದೆಯ ಅಂಕಿಯೊಂದಿಗೆ ಹೋಲಿಸಬೇಕು. ಅಲಾರಂ ಬಾರಿಸುತ್ತದೆಯೇ ಎಂದು ಬೇಕೆಂದೇ ದೋಷ ಉಂಟುಮಾಡಿ ಪರೀಕ್ಷಿಸಬೇಕು.

ಅಂತಿಮ ಒಪ್ಪಿಗೆಯ ಸಹಿ ಆಸ್ಪತ್ರೆಯ ತಂತ್ರಜ್ಞರದ್ದೇ ಆಗಿರಲಿ. ರಿಪೇರಿ ಮಾಡುವಾಗಲೂ ಸಾಧ್ಯವಾದಷ್ಟು ಸ್ಕ್ರೂಡ್ರೈವರ್ ಅವರ ಕೈಯಲ್ಲಿ, ಟಾರ್ಚ್ ನಿಮ್ಮ ಕೈಯಲ್ಲಿ ಇರಲಿ. ಅವರಿಗೆ ನಿಮಗಿಂತ ಹೆಚ್ಚು ಅನುಭವವಿರುತ್ತದೆ, ಇಲ್ಲದಿರುವುದು ಕೈಪಿಡಿ ಮತ್ತು ಬಿಡಿಭಾಗ ಮಾತ್ರ ಎಂಬುದನ್ನು ನಾನು ಮತ್ತೆ ಮತ್ತೆ ಕಂಡೆ. ಏನು ಕೆಟ್ಟಿತ್ತು, ಏನು ಬದಲಿಸಲಾಯಿತು, ಆ ಭಾಗ ಊರಿನ ಯಾವ ಅಂಗಡಿಯಲ್ಲಿ ಸಿಕ್ಕಿತು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಫಿಲ್ಟರ್ ತೊಳೆಯುವ, ಜಾಡಿ ಖಾಲಿ ಮಾಡುವ ಕ್ರಮವನ್ನು ಸ್ಥಳೀಯ ಭಾಷೆಯಲ್ಲಿ ಚಿತ್ರಸಹಿತ ಒಂದು ಹಾಳೆಯಲ್ಲಿ ಬರೆಸಿ ಯಂತ್ರದ ಪಕ್ಕ ಅಂಟಿಸಿ, ಎರಡೂ ಪಾಳಿಯ ನರ್ಸ್‌ಗಳಿಗೆ ಮಾಡಿ ತೋರಿಸಿ, ಅವರಿಂದಲೂ ಒಮ್ಮೆ ಮಾಡಿಸಿ.

ಹಂತ 9: ವಾರಾಂತ್ಯದ ಪ್ರಯಾಣ

ತಿರುಗಾಟವನ್ನು ಕೆಲಸಕ್ಕೆ ಅಡ್ಡಬಾರದಂತೆ ಕೊನೆಯ ವಾರಕ್ಕೆ ಅಥವಾ ವಾರಾಂತ್ಯಕ್ಕೆ ಇಟ್ಟುಕೊಳ್ಳುವುದು ಲೇಸು. ಅರುಷಾದಿಂದ ಗೊರಂಗೊರೊ, ಸೆರೆಂಗೆಟಿ ವನ್ಯಜೀವಿ ತಾಣಗಳಿಗೆ ಜೀಪುಗಳು ಹೊರಡುತ್ತವೆ, ನಾಲ್ಕೈದು ಜನ ಸೇರಿದರೆ ಖರ್ಚು ಹಂಚಿಹೋಗುತ್ತದೆ. 5,895 ಮೀಟರಿನ ಕಿಲಿಮಂಜಾರೋ ಏರಲು ಪರವಾನಗಿ ಪಡೆದ ಮಾರ್ಗದರ್ಶಕರು ಕಡ್ಡಾಯ, ಕನಿಷ್ಠ ಐದಾರು ದಿನ ಬೇಕು. ತಲೆನೋವು, ವಾಂತಿ ಹೆಚ್ಚಾದರೆ ಕೆಳಗಿಳಿಯುವುದೊಂದೇ ಮದ್ದು. ದಾರ್ ಎಸ್ ಸಲಾಮಿನಿಂದ ಹಡಗಿನಲ್ಲಿ ಜಾಂಜಿಬಾರಿಗೆ ಹೋಗಬಹುದು. ಏಲಕ್ಕಿ, ಕಾಳುಮೆಣಸಿನ ತೋಟದಲ್ಲಿ ಬೆಳೆದ ಶಿರಸಿ, ಸಿದ್ದಾಪುರದವರಿಗೆ ಅಲ್ಲಿಯ ಲವಂಗದ ತೋಟಗಳಲ್ಲಿ ಒಂದು ದಿನ ಕಳೆಯುವುದು ಬಹಳ ಹಿತವೆನಿಸುತ್ತದೆ. ಅಲ್ಲಿಯ ಬೆಳೆಗಾರರೊಡನೆ ಮಾತಿಗೆ ವಿಷಯಗಳಿಗೇನೂ ಕೊರತೆಯಾಗುವುದಿಲ್ಲ.

ರಾತ್ರಿ ಬಸ್ ಪ್ರಯಾಣ ಮತ್ತು ಬಾಡಿಗೆ ಬೈಕುಗಳನ್ನು ಬಿಟ್ಟುಬಿಡಿ. ಬೈಕ್ ಅಪಘಾತಕ್ಕೆ ಹಲವು ವಿಮೆಗಳು ಹಣ ಕೊಡುವುದಿಲ್ಲ. ಅಘನಾಶಿನಿ, ಶಾಲ್ಮಲೆಯಲ್ಲಿ ಈಜಿ ಬೆಳೆದವರಿಗೆ ಹೇಳಲೇಬೇಕಾದ ಮಾತೊಂದಿದೆ. ವಿಕ್ಟೋರಿಯಾ ಸರೋವರವೂ ಸೇರಿದಂತೆ ಅಲ್ಲಿಯ ಅನೇಕ ಸಿಹಿನೀರಿನ ಕೆರೆ, ಹೊಳೆಗಳಲ್ಲಿ ಬಿಲ್ಹಾರ್ಜಿಯಾ ರೋಗ ತರುವ ಹುಳುಗಳಿವೆ. ಅವು ಚರ್ಮದ ಮೂಲಕವೇ ಒಳಹೊಗುತ್ತವೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಇಳಿಯಬೇಡಿ.

ಹಂತ 10: ಊರಿಗೆ ಬಂದ ಮೇಲೆ

ಮರಳಿದ ನಂತರ ಜ್ವರ ಬಂದರೆ, ಕೆಲವು ವಾರ ಕಳೆದಿದ್ದರೂ, ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಮಲೇರಿಯಾ ಪರೀಕ್ಷೆ ಮಾಡಿಸಿ.

ಕಲಿತದ್ದನ್ನು ನಮ್ಮ ಜಿಲ್ಲೆಗೆ ಹೇಗೆ ತರುವುದು ಎಂದು ಹಲವರು ಕೇಳುತ್ತಾರೆ. ಗಂಭೀರ ಕಾಯಿಲೆಯವರನ್ನು ಇಂದಿಗೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಘಟ್ಟ ಇಳಿದು ಹತ್ತಿ ಸಾಗಿಸುವ ಜಿಲ್ಲೆ ನಮ್ಮದು. ಇಲ್ಲಿಯ ತಾಲೂಕು ಆಸ್ಪತ್ರೆಯ ಒಂದು ಯಂತ್ರ ಹೆಚ್ಚು ದಿನ ನಡೆದರೂ ಅದರ ಬೆಲೆ ದೊಡ್ಡದು. ಆದರೆ ಸರ್ಕಾರಿ ಆಸ್ಪತ್ರೆಯ ಉಪಕರಣಗಳಿಗೆ ವಾರಂಟಿ, ನಿರ್ವಹಣಾ ಗುತ್ತಿಗೆಗಳಿರುತ್ತವೆ. 2015ರಿಂದ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬಯೋಮೆಡಿಕಲ್ ಉಪಕರಣ ನಿರ್ವಹಣೆಗೆಂದೇ ಒಂದು ಕಾರ್ಯಕ್ರಮವಿದೆ. ಹೊರಗಿನವರು ಬಂದು ಬಿಚ್ಚಿದರೆ ಆ ರಕ್ಷಣೆ ತಪ್ಪಿಹೋಗಬಹುದು. ಆದ್ದರಿಂದ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಾಗಲಿ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಟ್ಟು, ಮೂರು ಕೆಲಸಗಳಿಗೆ ಮಾತ್ರ ಅನುಮತಿ ಕೇಳಿ: ಉಪಕರಣಗಳ ಪಟ್ಟಿ ತಯಾರಿಸಿ ಕೊಡುವುದು, ಫಿಲ್ಟರ್ ಶುಚಿಮಾಡುವಂಥ ದಿನನಿತ್ಯದ ನಿರ್ವಹಣೆಯ ಹಾಳೆಗಳನ್ನು ಕನ್ನಡದಲ್ಲಿ ಬರೆದುಕೊಡುವುದು, ಕೆಟ್ಟ ಯಂತ್ರದ ದೂರು ಸರಿಯಾದ ಕ್ರಮದಲ್ಲಿ ದಾಖಲಾಗುವಂತೆ ಸಿಬ್ಬಂದಿಗೆ ನೆರವಾಗುವುದು. ಅರ್ಜಿಯ ಜೊತೆ ಹೊರದೇಶದ ಆಸ್ಪತ್ರೆಯಿಂದ ತಂದ ಕೆಲಸದ ಪತ್ರವನ್ನೂ, ನೀವು ಅಲ್ಲಿ ಬರೆದ ಒಂದು ನಿರ್ವಹಣಾ ಹಾಳೆಯ ಕನ್ನಡ ಪ್ರತಿಯನ್ನೂ ಲಗತ್ತಿಸಿ, ಮಳೆಗಾಲ ಆರಂಭವಾಗುವ ಮೊದಲೇ ಸಲ್ಲಿಸಿ. ತೇವ ಮತ್ತು ವೋಲ್ಟೇಜ್ ಏರಿಳಿತದಿಂದ ಯಂತ್ರಗಳು ಹೆಚ್ಚು ತೊಂದರೆ ಕೊಡುವ ಆ ನಾಲ್ಕು ತಿಂಗಳಿಗೆ ಹಾಳೆಗಳು ವಾರ್ಡಿನ ಗೋಡೆಯ ಮೇಲೆ ಸಿದ್ಧವಾಗಿರಬೇಕು.